ಚೆನ್ನಾಗಿ ನಿದ್ದೆ ಮಾಡಿದರೆ ಪಾರ್ಕಿನ್ಸನ್ ಬೆಳೆಯುವುದು ನಿಲ್ಲುತ್ತಾ?

ನಿದ್ದೆಯಲ್ಲಿ ಮೆದುಳು ತನ್ನ ಕಸ ತೊಳೆದುಕೊಳ್ಳುತ್ತದಂತೆ, ಹಾಗಾದರೆ ಅಪ್ಪನಿಗೆ ಸರಿಯಾಗಿ ನಿದ್ದೆ ಬಂದರೆ ಪಾರ್ಕಿನ್ಸನ್ ಅಲ್ಲಿಗೇ ನಿಲ್ಲುತ್ತಾ ಅಂತ ಕೇಳಿದ್ದೀರಿ. ನಿಲ್ಲುತ್ತದೆ ಅಂತ ಇದುವರೆಗೆ ಯಾರೂ ತೋರಿಸಿಲ್ಲ. ಹಾಗಂತ ಸುಮ್ನೆ ಹುಟ್ಟಿದ ಮಾತೂ ಅಲ್ಲ. ನಾನು ಡಾಕ್ಟರ್ ಅಲ್ಲ, ಅಮ್ಮನಿಗೆ ಇದೇ ಕಾಯಿಲೆ ಇತ್ತು. ಆಗ ಓದಿಕೊಂಡಿದ್ದನ್ನು ಹೇಳುತ್ತೇನೆ.

ನಮ್ಮ ಮೆದುಳು, ಬೆನ್ನುಹುರಿಯ ಸುತ್ತ ಸುಮಾರು 150 ಮಿ.ಲೀ. ತಿಳಿಯಾದ ದ್ರವ ಇರುತ್ತದೆ. ದಿನಕ್ಕೆ ಅರ್ಧ ಲೀಟರಿನಷ್ಟು ಹೊಸದು ತಯಾರಾಗುತ್ತದೆ, ಹಳೆಯದು ಹೊರಗೆ ಹೋಗುತ್ತದೆ. ಈ ದ್ರವ ರಕ್ತನಾಳಗಳ ಹೊರಮೈ ಗುಂಟ ಮೆದುಳಿನ ಒಳಕ್ಕೆ ಇಳಿದು ಕಸ ತೊಳೆಯುತ್ತದೆ. ನಾಡಿ ಬಡಿದಾಗಲೆಲ್ಲ ಅದಕ್ಕೊಂದು ತಳ್ಳು ಸಿಗುತ್ತದೆ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಮೈಕನ್ ನೆಡರ್‌ಗಾರ್ಡ್ ತಂಡ 2012ರಲ್ಲಿ ಇದಕ್ಕೆ 'ಗ್ಲಿಂಫ್ಯಾಟಿಕ್' ಅಂತ ಹೆಸರಿಟ್ಟಿತು. ಮರುವರ್ಷ ಅದೇ ತಂಡ, ನಿದ್ದೆ ಮಾಡುತ್ತಿರುವ ಇಲಿಗಳಲ್ಲಿ ಮೆದುಳಿನ ಜೀವಕೋಶಗಳ ನಡುವಿನ ಜಾಗ 60%ನಷ್ಟು ಹಿಗ್ಗುತ್ತದೆ, ಅದರಿಂದ ಕಸ ಬೇಗ ತೊಳೆದುಹೋಗುತ್ತದೆ ಅಂದಿತು. ನಿದ್ದೆಯ ಮಾತು ಹಬ್ಬಿದ್ದು ಅಲ್ಲಿಂದಲೇ. ಆದರೆ 2024ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಇಲಿಗಳಲ್ಲೇ ನೋಡಿ, ನಿದ್ದೆಯಲ್ಲಿ ತೊಳೆಯುವ ಕೆಲಸ ಕಡಿಮೆಯಾಗುತ್ತದೆ ಅಂದರು! ಜಗಳ ಇನ್ನೂ ಮುಗಿದಿಲ್ಲ.

ಪಾರ್ಕಿನ್ಸನ್‌ನಲ್ಲಿ ಕಸ ಅಂದರೆ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನ್. ಅದು ಸರಿಯಾದ ಆಕಾರಕ್ಕೆ ಮಡಚಿಕೊಳ್ಳದೆ ಗಂಟು ಕಟ್ಟುತ್ತದೆ, ಒಂದು ಕೋಶದಿಂದ ಪಕ್ಕದ ಕೋಶಕ್ಕೆ ದಾಟುತ್ತದೆ ಅಂತ ಕಾಣುತ್ತದೆ. ಇಲಿಗಳಲ್ಲಿ ಮೆದುಳಿನ ಹೊರಪೊರೆಯಲ್ಲಿ ಕಸ ಹೊರಗೆ ಸಾಗಿಸುವ ನಾಳಗಳ ದಾರಿಯನ್ನು ಕಟ್ಟಿಬಿಟ್ಟಾಗ ಈ ಪ್ರೋಟೀನ್ ಇನ್ನೂ ಜಾಸ್ತಿ ಸೇರಿತು. ಮನುಷ್ಯರಲ್ಲಿ ಎಂಆರ್‌ಐ ಲೆಕ್ಕದಲ್ಲಿ ಈ ದ್ರವದ ಹರಿವು ಕಮ್ಮಿ ಕಂಡವರಿಗೆ ಕಾಯಿಲೆ ಬೇಗ ಹೆಚ್ಚಾಯಿತು ಅಂತ ಕೆಲವು ಅಧ್ಯಯನಗಳಿವೆ. ಆದರೆ ಆ ಎಂಆರ್‌ಐ ಹರಿವನ್ನು ನೇರವಾಗಿ ಅಳೆಯುವುದಿಲ್ಲ, ಅಂದಾಜು ಮಾಡುತ್ತದೆ ಅಷ್ಟೇ.

ನನಗೆ ದೊಡ್ಡ ತೊಡಕು ಅನ್ನಿಸುವುದು ಬೇರೆ. ಕೈ ನಡುಕ ಶುರುವಾಗುವ ಎಷ್ಟೋ ವರ್ಷ ಮೊದಲೇ ಅಮ್ಮ ನಿದ್ದೆಯಲ್ಲಿ ಗೋಡೆಗೆ ಗುದ್ದುತ್ತಿದ್ದರು. ಒಮ್ಮೆ ಬೆರಳಿನ ಗಂಟು ಸುಲಿದಿತ್ತು. "ಕನಸಲ್ಲಿ ನಾಯಿ ಓಡಿಸ್ತಿದ್ದೆ ಕಣೋ" ಅಂದರು, ಎಲ್ಲರೂ ನಕ್ಕೆವು. ಕನಸಿಗೆ ತಕ್ಕಂತೆ ಕೈಕಾಲು ಆಡುವುದು ಈ ಕಾಯಿಲೆಯ ಮುನ್ಸೂಚನೆ ಆಗಿರಬಹುದು ಅಂತ ಆಮೇಲೆ ಗೊತ್ತಾಯಿತು. ಅಂದರೆ ನಿದ್ದೆ ಕೆಟ್ಟು ಕಾಯಿಲೆ ಬಂತೋ, ಕಾಯಿಲೆ ಬಂದು ನಿದ್ದೆ ಕೆಟ್ಟಿತೋ? ಎರಡೂ ಒಂದನ್ನೊಂದು ಕೆಡಿಸುತ್ತಿರಬಹುದು. ಹಾಗಾಗಿ ಅಪ್ಪನನ್ನು ಬೇಗ ಮಲಗಿಸಲಿಲ್ಲ ಅಂತ ನಿಮ್ಮನ್ನು ನೀವು ಬೈದುಕೊಳ್ಳಬೇಡಿ.

ಹಾಗಂತ ನಿದ್ದೆಯ ತೊಂದರೆಗೆ ಚಿಕಿತ್ಸೆ ಕೊಡಿಸುವುದನ್ನು ಬಿಡಬೇಡಿ. ಮಗ್ಗುಲು ಬದಲಿಸಲಾಗದೆ ಎಚ್ಚರವಾಗುವುದು, ಪದೇ ಪದೇ ಮೂತ್ರಕ್ಕೆ ಏಳುವುದು, ಗೊರಕೆ ನಡುವೆ ಉಸಿರು ನಿಲ್ಲುವುದು, ಇವಕ್ಕೆಲ್ಲ ದಾರಿ ಇದೆ. ಅಮ್ಮನಿಗೆ ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಎಂಬ ರಾತ್ರಿಯ ಮಾತ್ರೆಯನ್ನು ಡಾಕ್ಟರ್ ಬದಲಿಸಿದ ಮೇಲೆ ತಾವೇ ಮಗ್ಗುಲಾಗತೊಡಗಿದರು. ನಿದ್ದೆ ಮಾತ್ರೆಯನ್ನು ನೀವೇ ಕೊಡಬೇಡಿ, ಬೀಳುವ ಭಯ ಜಾಸ್ತಿ. 'ಮೆದುಳು ಶುದ್ಧಿ' ಪುಡಿಗಳಿಗೆ ದುಡ್ಡು ಸುರಿಯಬೇಡಿ.

ಒಂದು ರಾತ್ರಿ ಅಪ್ಪ ಮಲಗಿರುವುದನ್ನು ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ನಾವು ಅರ್ಧ ಗಂಟೆ ವಿವರಿಸಿದರೂ ಅರ್ಥವಾಗದ್ದು ನಮ್ಮ ನರರೋಗ ತಜ್ಞರಿಗೆ ಅರ್ಧ ನಿಮಿಷದ ವಿಡಿಯೊದಲ್ಲಿ ಅರ್ಥವಾಗಿತ್ತು.