ಬ್ರೇಕ್ ಆಯಿಲ್ ಬದಲು ಎಂಜಿನ್ ಆಯಿಲ್ ಹಾಕಬಹುದೇ?

ಕಾರಿನ ಬ್ರೇಕ್ ಆಯಿಲ್ ಮಟ್ಟ ಇಳಿದಿದೆ, ಮನೆಯಲ್ಲಿರುವ ಎಂಜಿನ್ ಆಯಿಲ್ ಸುರಿಯಲೇ ಎಂದು ಕೇಳಿದ್ದೀರಿ. ದಯವಿಟ್ಟು ಒಂದು ಹನಿಯೂ ಬೇಡ. ಬ್ರೇಕ್ ಆಯಿಲ್‌ನ ದರ್ಜೆಗಳಾದ ಡಾಟ್ 3, ಡಾಟ್ 4 ದ್ರವಗಳು ಗ್ಲೈಕಾಲ್ ಎಂಬ ರಾಸಾಯನಿಕ ಮೂಲದವು. ಬ್ರೇಕಿನ ರಬ್ಬರ್ ಸೀಲುಗಳು ಅವಕ್ಕೆಂದೇ ಮಾಡಿದವು. ಎಂಜಿನ್ ಆಯಿಲ್‌ನಂಥ ಖನಿಜ ತೈಲ ತಾಗಿದರೆ ಸೀಲುಗಳು ಊದಿಕೊಂಡು ಮೆತ್ತಗಾಗುತ್ತವೆ, ಒತ್ತಡ ಹಿಡಿಯುವುದಿಲ್ಲ. ಈಗಾಗಲೇ ಹಾಕಿದ್ದರೆ ಗಾಡಿ ಓಡಿಸಲೇಬೇಡಿ.

ಬ್ರೇಕ್ ಪ್ಯಾಡ್ ಸವೆದಂತೆ ದ್ರವದ ಮಟ್ಟ ನಿಧಾನವಾಗಿ ಇಳಿಯುವುದು ಸಹಜ; ಬೇಗ ಇಳಿದಿದ್ದರೆ ಸೋರಿಕೆಯನ್ನು ಹುಡುಕಿಸಿ. ಹಳೆಯ ದ್ರವ ಗಾಳಿಯ ತೇವ ಹೀರಿರುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ತೇವ ಸೇರಿದ ಮೇಲೆ ಆ ಮಿತಿ 155ರವರೆಗೂ ಕುಸಿಯಬಹುದು. ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಅದು ಕುದಿದರೆ ಕೊಳವೆಯಲ್ಲಿ ಆವಿ ತುಂಬುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ತಳ ಮುಟ್ಟಿದರೂ ಗಾಡಿ ನಿಲ್ಲದು. ಬ್ರೇಕ್ ಆಯಿಲ್ ತೊಟ್ಟಿಯ ಮುಚ್ಚಳದ ಮೇಲೆ ನಮೂದಿಸಿದ ದರ್ಜೆಯ ದ್ರವವನ್ನೇ, ಹೊಸ ಡಬ್ಬಿ ಒಡೆಸಿ ಹಾಕಿಸಿ.