ದೇವರನ್ನು ನಂಬುವ ವಿದ್ಯಾರ್ಥಿ ಬಿಸಿನೆಸ್ ಮಾಡಿ ದೊಡ್ಡವನಾಗಬೇಕು ಅಂದುಕೊಳ್ಳುವುದು ತಪ್ಪಾ?

ತಪ್ಪಲ್ಲ. ಆದರೆ ನೀವು ಅದರ ಜೊತೆಗೆ ಇನ್ನೊಂದನ್ನೂ ಕೇಳಿದ್ದೀರಿ: ನಂಬಿಕೆ ಗಟ್ಟಿ ಇದ್ದರೆ ವ್ಯಾಪಾರ ಕೈ ಹಿಡಿಯುತ್ತಾ, ನಾಲ್ಕು ಜನರನ್ನು ಮುನ್ನಡೆಸೋಕೆ ಧೈರ್ಯ ಬರುತ್ತಾ ಅಂತ. ಅದಕ್ಕೆ ಹೌದು ಅಂತ ಸುಮ್ನೆ ಹೇಳಲಾರೆ.

ನಾನು ಕಲಬುರಗಿಯಲ್ಲಿ ಬಿ.ಕಾಂ. ಓದುತ್ತಿದ್ದೇನೆ. ಅವ್ವ ಮತ್ತು ನಮ್ಮ ಓಣಿಯ ಕೆಲವು ಹೆಣ್ಣುಮಕ್ಕಳು ಬಡಿಯುವ ಖಡಕ್ ರೊಟ್ಟಿಯನ್ನು ಮೆಸ್ಸು, ಪಿಜಿಗಳಿಗೆ ಹಾಕುತ್ತೇನೆ. ಸೋಮವಾರ ಶರಣಬಸವೇಶ್ವರ ಗುಡಿಗೆ ಹೋಗದಿದ್ದರೆ ನನಗೆ ಸಮಾಧಾನ ಇಲ್ಲ. ಆದರೆ ಅಲ್ಲಿ ನಿಂತು ಆರ್ಡರ್ ಜಾಸ್ತಿ ಬರಲಿ ಅಂತ ಬೇಡುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬ ರೊಟ್ಟಿ ಮಾರುವವನು ಅದನ್ನೇ ಬೇಡುತ್ತಾ ನಿಂತಿದ್ದರೆ ಶರಣಬಸಪ್ಪ ಯಾರ ಕಡೆ ನೋಡಬೇಕು ಹೇಳಿ!

ನನಗೆ ನಂಬಿಕೆ ಕೆಲಸಕ್ಕೆ ಬರುವುದು ಪ್ಯಾಕೆಟ್ ಕಟ್ಟುವಾಗ. ಹಳೇ ಹಿಟ್ಟಿಗೆ ಜಿಗಿ ಇರುವುದಿಲ್ಲ, ಬಡಿಯುವಾಗಲೇ ಅಂಚು ಸೀಳುತ್ತದೆ, ಒಣಗಿದ ಮೇಲೆ ಮುಟ್ಟಿದರೆ ಚೂರು. ಹತ್ತರ ಕಟ್ಟಿನಲ್ಲಿ ಅಂಥ ಎರಡನ್ನು ನಡುವೆ ಸೇರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ, ಗೊತ್ತಾದರೂ ದಾರಿಯಲ್ಲಿ ಮುರಿದಿರಬೇಕು ರೀ ಅಂದರೆ ಮುಗಿಯಿತು. ಅವ್ವ ಅವನ್ನು ಮನೆಯ ಬುಟ್ಟಿಗೆ ಹಾಕುತ್ತಾಳೆ. ರಾತ್ರಿ ಬೇಳೆಯಲ್ಲಿ ನೆನೆಸಿಕೊಂಡು ನಾವೇ ತಿನ್ನುತ್ತೇವೆ. ಲಾಭ ಕಡಿಮೆಯಾಗುತ್ತೆ, ನಿಜ. ದೇವರು ಆ ಲಾಭವನ್ನು ಇನ್ನೊಂದು ದಾರಿಯಲ್ಲಿ ಕೊಡುತ್ತಾನೆ ಅಂತ ಹೇಳುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆ ನಿಮಗೆ ಗೊತ್ತಿರಬಹುದು. ನಮ್ಮ ಪಕ್ಕದ ಬಸವಕಲ್ಯಾಣದಲ್ಲಿ, 12ನೇ ಶತಮಾನದಲ್ಲಿ, ಬಿದ್ದ ಅಕ್ಕಿ ಆಯ್ದು ದಾಸೋಹ ಮಾಡುತ್ತಿದ್ದ ಗಂಡ ಹೆಂಡತಿ. ಒಂದು ದಿನ ಮಾರಯ್ಯ ಎಂದಿಗಿಂತ ಜಾಸ್ತಿ ಅಕ್ಕಿ ತಂದರೆ, ಹೆಚ್ಚಿನದನ್ನು ವಾಪಸ್ ಸುರಿದು ಬಾ ಅಂತ ಲಕ್ಕಮ್ಮ ಕಳಿಸಿದಳಂತೆ. ಇದನ್ನು ಹೇಳಿ "ನೋಡು, ಆಸೆನೇ ಪಡಬಾರದು" ಅನ್ನುವ ಹಿರಿಯರು ನಮ್ಮ ಮನೆಯಲ್ಲೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅವರಿಬ್ಬರೂ ಕೆಲಸ ಬಿಟ್ಟು ಕೂತವರಲ್ಲ, ನಾಲ್ಕು ಜನಕ್ಕೆ ಉಣ್ಣಿಸುತ್ತಿದ್ದವರು. ಬೆಳೆಯಬೇಡ ಅಂತ ಲಕ್ಕಮ್ಮ ಹೇಳಿದ್ದಲ್ಲ, ನಿನ್ನ ಪಾಲಿನದ್ದಲ್ಲದ್ದು ಮನೆಗೆ ಬರಬಾರದು ಅಂದದ್ದು. ವ್ಯಾಪಾರದಲ್ಲಿ ಹಾಗೆ ಪಾಲಿನದ್ದಲ್ಲದ್ದು ಬರುವುದು ಹೆಚ್ಚಾಗಿ ಕೆಲಸದವರ ಕೂಲಿ ತಡೆದೇ, ಅಲ್ವಾ? ಮೆಸ್ಸಿನವರು ತಿಂಗಳಾದರೂ ಬಾಕಿ ಕೊಟ್ಟಿಲ್ಲ ಅಂತ ನಾನು ಬಡಿಯುವವರ ದುಡ್ಡನ್ನೂ ತಡೆದರೆ, ನನ್ನ ಬಿಸಿನೆಸ್ಸಿಗೆ ಬಂಡವಾಳ ಹಾಕಿದವರು ಅವರೇ ಆದಂಗಾಯ್ತು. ಅದಕ್ಕೇ ಅವರ ದುಡ್ಡು ಅವತ್ತಿಂದವತ್ತಿಗೆ ಕೊಡುತ್ತೇನೆ. ಇದರಿಂದ ಕೈ ಯಾವಾಗಲೂ ಬಿಗಿ, ದೊಡ್ಡ ಆರ್ಡರ್ ಬಿಟ್ಟದ್ದೂ ಉಂಟು.

ಇನ್ನು ನಾಯಕತ್ವ. ಕಾಲೇಜಿನ ಸೆಮಿನಾರಿನಲ್ಲಿ ಮೈಕ್ ಹಿಡಿದು ಹೇಳುವ ಲೀಡರ್‌ಶಿಪ್ ನಮ್ಮ ಒಲೆಯ ಮುಂದೆ ನಡೆಯುವುದಿಲ್ಲ. ಅಲ್ಲಿ ಇರುವವರೆಲ್ಲ ನನಗಿಂತ ದೊಡ್ಡವರು. ಹಿಟ್ಟು ಸರಿ ಇಲ್ಲ ಅಂತ ಕಾಕಿ ಅಂದರೆ ಚೀಲ ಗಿರಣಿಗೆ ವಾಪಸ್, ನಾನು ಬಾಯಿ ಹಾಕುವಂಗಿಲ್ಲ. ನನ್ನದು ಲೆಕ್ಕ ಬರೆಯುವುದು, ಬಾಕಿ ವಸೂಲಿ, ಬೈಕ್ ಓಡಿಸುವುದು. ಅನುಭವ ಮಂಟಪ ಕಟ್ಟಿದ್ದು ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣ, ಪೀಠದ ಮೇಲೆ ಕೂತವರು ಅಲ್ಲಮಪ್ರಭು. ಸ್ಟಾರ್ಟಪ್ ಶುರು ಮಾಡಿದ ದಿನವೇ ಸಿಇಒ ಅಂತ ಕಾರ್ಡ್ ಹೊಡೆಸುವ ನನ್ನ ಗೆಳೆಯರಿಗೆ ಇದನ್ನು ಹೇಳಿದರೆ ನಗುತ್ತಾರೆ.

ನೀವು ತಿನ್ನುವ ಪದಾರ್ಥದ್ದೇ ಕೆಲಸ ಶುರು ಮಾಡುವುದಾದರೆ, ಸಾಲಕ್ಕೆ ಬಡ್ಡಿಯವರ ಹತ್ತಿರ ಹೋಗುವ ಮೊದಲು ಸಣ್ಣ ಆಹಾರ ಉದ್ಯಮಗಳಿಗೆ ನೆರವಾಗುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆ ಈಗಲೂ ಇದೆಯಾ ಅಂತ ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಯೋಜನೆಯ ಶೇ 35ಕ್ಕೆ ನಮ್ಮ ರಾಜ್ಯ ಶೇ 15 ಸೇರಿಸಿ 2025-26ರವರೆಗೆ ಸಬ್ಸಿಡಿ ಕೊಡುತ್ತಿದ್ದ ಯೋಜನೆ ಅದು. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು, ಪೂರ್ತಿ ಉಚಿತ, ಮೊಬೈಲಿನಲ್ಲೇ ಆಗುತ್ತೆ. ಅದಕ್ಕೆ ಸಾವಿರ ಕೊಡು ಅನ್ನುವ ಏಜೆಂಟರಿಗೆ ಒಂದು ರೂಪಾಯಿಯೂ ಕೊಡಬೇಡಿ.