ಹತ್ತನೇ ತರಗತಿಯ ನಂತರ ಮನೆ ಹಾಕುವ ಲೆಕ್ಕ

ಹಿಂದುಳಿದ ಹಳ್ಳಿಗಳ ಮಕ್ಕಳಿಗಾಗಿ ವೃತ್ತಿ ಮಾರ್ಗದರ್ಶನ ಶಿಬಿರ ಮಾಡಬೇಕೆಂದಿದ್ದೀರಿ. ಅವರ ಆಯ್ಕೆಯಲ್ಲಿ ಮನೆಯ ವಾತಾವರಣದ ಪಾಲು ಎಷ್ಟು ಎಂದು ಕೇಳಿದ್ದೀರಿ. ನಾನು ಕೊಪ್ಪಳ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರ ಶಿಕ್ಷಕ. ಬಹುಪಾಲು ಮನೆಯದೇ ಎನ್ನುತ್ತೇನೆ. ಆದರೆ ‘ಹೆತ್ತವರು ಓದಿಲ್ಲ, ಅದಕ್ಕೇ ಮಕ್ಕಳಿಗೆ ಗುರಿಯಿಲ್ಲ’ ಎಂಬ ಮಾತನ್ನು ಮೊದಲು ಬದಿಗಿಡಿ. ಮಗಳು ನರ್ಸ್ ಆಗುವುದು ಬೇಡ ಎಂದ ತಾಯಿಯನ್ನು ನಾನಂತೂ ಕಂಡಿಲ್ಲ.

ಸಂಬಳವಿಲ್ಲದೆ ಎಷ್ಟು ವರ್ಷ ತಡೆದುಕೊಳ್ಳಬಹುದು ಎಂಬುದು ಮನೆಯ ಲೆಕ್ಕ. ಪ್ರೌಢಶಾಲಾ ಶಿಕ್ಷಕನಾಗಲು ಪಿಯುಸಿ ಎರಡು, ಪದವಿ ಮೂರು, ಬಿ.ಎಡ್. ಎರಡು, ಒಟ್ಟು 7 ವರ್ಷ. ನೇಮಕಾತಿಗೆ ಕಾಯುವುದು ಬೇರೆ. ಐಟಿಐ ಎಲೆಕ್ಟ್ರೀಷಿಯನ್ ಆದರೆ 2 ವರ್ಷ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದರೆ ವಾರದ ಕೊನೆಗೇ ಬಟವಾಡೆ. ಅಕ್ಕನ ಮದುವೆಯ ಸಾಲ ತಲೆಯ ಮೇಲಿರುವಾಗ ಏಳು ವರ್ಷದ ಮಾತನ್ನು ಹುಡುಗನೇ ಎತ್ತುವುದಿಲ್ಲ.

ನಮ್ಮ ಕಡೆ ಬೀಜೋತ್ಪಾದನೆಯ ಹೊಲಗಳಿವೆ. ಹೈಬ್ರಿಡ್ ಹತ್ತಿಯ ಕ್ರಾಸಿಂಗ್ ಶುರುವಾಯಿತೆಂದರೆ ಸಂಜೆ ಮೊಗ್ಗು ಬಿಡಿಸಿ ಕೇಸರ ಕೀಳಬೇಕು, ಮರುದಿನ ಬೆಳಿಗ್ಗೆ ಅದಕ್ಕೆ ಗಂಡು ಹೂವಿನ ಪರಾಗ ಸವರಬೇಕು. ಹೊತ್ತು ಮೀರಿದರೆ ಕಾಯಿ ಕಟ್ಟುವುದಿಲ್ಲ. ಸಣ್ಣ ಬೆರಳಿನ ಹುಡುಗಿಯರೇ ಬೇಕೆಂದು ಕರೆಯುತ್ತಾರೆ. ಅತ್ತ ಶಾಲೆಯಲ್ಲಿ ಆ ಹೊತ್ತಿಗೆ ಗಣಿತ, ವಿಜ್ಞಾನ. ಅಪಾಯಕಾರಿಯಲ್ಲದ ಮನೆಗೆಲಸ, ಕುಟುಂಬದ ಕಸುಬುಗಳಿಗೆ ಮಕ್ಕಳು ಶಾಲಾ ಅವಧಿಯ ನಂತರ ನೆರವಾಗಬಹುದು ಎನ್ನುತ್ತದೆ ಬಾಲಕಾರ್ಮಿಕ ನಿಷೇಧದ 2016ರ ತಿದ್ದುಪಡಿ ಕಾಯ್ದೆ. ಹತ್ತಿ ಹೂವು ಕಾಯ್ದೆ ಓದಿ ಅರಳುತ್ತದೆಯೇ? ಮುಂದೆ ಆಕೆ ಪಿಯುಸಿಯಲ್ಲಿ ಕಲಾ ವಿಭಾಗ ಆರಿಸಿಕೊಂಡರೆ, ವಿಜ್ಞಾನದಲ್ಲಿ ಆಸಕ್ತಿಯಿಲ್ಲ ಎಂದು ನಾವು ತೀರ್ಪು ಕೊಡುತ್ತೇವೆ.

ಹೆತ್ತವರು ದುಡಿಯಲು ಹೋಗಿ ಅಜ್ಜಿಯ ಬಳಿ ಉಳಿದ ಮಕ್ಕಳ ಪಾಡು ಇನ್ನೊಂದು. ವಿದ್ಯಾರ್ಥಿವೇತನದ ಅರ್ಜಿಗೆ ಕುಳಿತರೆ ಒಟಿಪಿ ಹೋಗುವುದು ಬೆಂಗಳೂರಿನಲ್ಲಿರುವ ಅಪ್ಪನ ಮೊಬೈಲಿಗೆ. ಅವರು ಸೆಂಟ್ರಿಂಗ್ ಕೆಲಸದಿಂದ ಊಟಕ್ಕೆ ಇಳಿದು ನೋಡುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ.

ಮನೆಯವರ ಮನಸ್ಸು ಬದಲಾಗುವುದಿಲ್ಲವೆಂದಲ್ಲ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಬಸ್ ಉಚಿತವಾದ ಮೇಲೆ, ತಾಲ್ಲೂಕು ಕೇಂದ್ರದ ಕಾಲೇಜು ಬೇಡವೆನ್ನಲು ಬಸ್ ಚಾರ್ಜಿನ ನೆಪ ಉಳಿದಿಲ್ಲ. ‘ಹೊತ್ತು ಮುಳುಗಿದ ಮೇಲೆ ಬಸ್ಸೇ ಇಲ್ಲವಲ್ಲ ಸರ್’ ಎನ್ನುತ್ತಾರೆ. ಅದು ನೆಪವಲ್ಲ.

ಹಾಗಾಗಿ ಶಿಬಿರಕ್ಕೆ ಮಕ್ಕಳನ್ನಷ್ಟೇ ಕರೆಯಬೇಡಿ. ದುಡಿಯಲು ಹೋದವರು ಯುಗಾದಿಗೆ ಊರಿಗೆ ಬಂದಾಗ, ರಾತ್ರಿ ಊಟವಾದ ಮೇಲೆ ಮನೆಮಂದಿಯನ್ನೆಲ್ಲ ಸೇರಿಸಿ. ಗುಡಿಯ ಕಟ್ಟೆ ಬೇಡ, ಅಲ್ಲಿಗೆ ಎಲ್ಲ ಕೇರಿಯವರೂ ಬರುವುದಿಲ್ಲ. ಶಾಲೆಯ ಅಂಗಳವಾದರೆ ಬರುತ್ತಾರೆ. ಕೋರ್ಸುಗಳ ಪಟ್ಟಿ ಓದುವ ಮೊದಲು ಹಾಸ್ಟೆಲ್ ಎಲ್ಲಿದೆ, ಮೊದಲ ಸಂಬಳ ಎಷ್ಟನೇ ವರ್ಷಕ್ಕೆ ಎಂದು ಹೇಳಿ. ಜಾತಿ, ಆದಾಯ ಪ್ರಮಾಣಪತ್ರಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಹಾಕಿಸುವ ಕೆಲಸವನ್ನು ಅಪ್ಪಂದಿರು ಮರಳಿ ಬಸ್ ಹತ್ತುವ ಮುಂಚೆಯೇ ಮುಗಿಸಿಕೊಡಿ.